ಪೌರಾಡಳಿತದಲ್ಲಿ ಆರೈಕೆಗೆ ಸ್ಥಾನವೆಲ್ಲಿ?

ನಮ್ಮ ಸಂವಿಧಾನದ ಹನ್ನೆರಡನೆಯ ಅನುಸೂಚಿಯನ್ನು ಒಮ್ಮೆ ತೆರೆದು ನೋಡಬೇಕೆಂದು ಪುರಸಭೆಗಳ ಸದಸ್ಯರನ್ನೂ ಅಧಿಕಾರಿವರ್ಗದವರನ್ನೂ ಕೇಳಿಕೊಳ್ಳುತ್ತೇವೆ. ೧೯೯೨ರ ಎಪ್ಪತ್ತನಾಲ್ಕನೆಯ ತಿದ್ದುಪಡಿಯಿಂದ ಹುಟ್ಟಿ, ೧೯೯೩ನೆಯ ಇಸವಿ ಜೂನ್ ೧ರಿಂದ ಜಾರಿಗೆ ಬಂದ ಆ ಪಟ್ಟಿಯಲ್ಲಿ, ಪಟ್ಟಣದ ಸಭೆಗಳಿಗೆ ವಹಿಸಿಕೊಡಬಹುದಾದ ಕಾರ್ಯಗಳು ಹದಿನೆಂಟು ಎಣಿಸಲ್ಪಟ್ಟಿವೆ. ರಸ್ತೆ ಸೇತುವೆಗಳು, ನೀರಿನ ಸರಬರಾಜು, ಬೆಂಕಿ ಆರಿಸುವ ದಳ, ಉದ್ಯಾನ, ಸ್ಮಶಾನ, ಕಸಾಯಿಖಾನೆ, ಎಲ್ಲಕ್ಕೂ ಅಲ್ಲಿ ಸ್ಥಾನವಿದೆ. ದನಗಳ ದೊಡ್ಡಿಗೆ ೧೫ನೆಯ ಅಂಕ. ಜನನ ಮರಣಗಳ ಲೆಕ್ಕವೂ ಸೇರಿದ ಅಂಕಿಅಂಶಗಳಿಗೆ ೧೬ನೆಯದು. ಆದರೆ ಹುಟ್ಟಿದ ಕೂಸನ್ನು, ತಾಯಿ ದುಡಿಮೆಗೆ ಹೋದ ಹೊತ್ತಿನಲ್ಲಿ ಯಾರು ನೋಡಿಕೊಳ್ಳತಕ್ಕದ್ದು ಎಂಬ ಪ್ರಶ್ನೆಗೆ ಆ ಹದಿನೆಂಟರಲ್ಲಿ ಪ್ರತ್ಯೇಕವಾದ ಒಂದು ಅಂಕವೂ ಇಲ್ಲ. ದನ ಬೀದಿಗೆ ಬಿದ್ದರೆ ಹಿಡಿದು ಕಟ್ಟಿ ಮೇವು ಹಾಕುವ ಹೊಣೆ ಊರಿನದು. ಮಗು ಬೀದಿಗೆ ಬಿದ್ದರೆ ಅದು ಆ ಮನೆಯವರ ಹಣೆಯಬರಹ.

ಇದಕ್ಕಿಂತ ವಿಚಿತ್ರವಾದದ್ದು ಇನ್ನೊಂದಿದೆ. ಇದೇ ಕಾಲದಲ್ಲಿ ಗ್ರಾಮ ಪಂಚಾಯತಿಗಳಿಗಾಗಿ ರಚಿತವಾದ ಹನ್ನೊಂದನೆಯ ಅನುಸೂಚಿಯ ೨೫ನೆಯ ಅಂಕದಲ್ಲಿ 'ಮಹಿಳೆಯರ ಮತ್ತು ಮಕ್ಕಳ ಅಭಿವೃದ್ಧಿ' ಸ್ಪಷ್ಟವಾಗಿ ನಮೂದಾಗಿದೆ. ಹಳ್ಳಿಯ ಪಂಚರಿಗೆ ಕಂಡದ್ದು ಪಟ್ಟಣದ ಪ್ರಮುಖರಿಗೆ ಕಾಣಬೇಕಾಗಿಲ್ಲವೆಂದು ಶಾಸನಕರ್ತರು ಏಕೆ ಭಾವಿಸಿದರೋ! ಇದರ ಫಲವನ್ನು ನಾವು ಕಣ್ಣಾರೆ ನೋಡುತ್ತಿದ್ದೇವೆ. ಕರ್ನಾಟಕ ಸರಕಾರವು ೨೦೨೩ರಿಂದೀಚೆಗೆ ಏರ್ಪಡಿಸಿದ 'ಕೂಸಿನ ಮನೆ'ಗಳು, ಉದ್ಯೋಗ ಖಾತರಿಯ ಕೂಲಿಗೆ ಹೋಗುವ ತಾಯಂದಿರ ಮಕ್ಕಳಿಗೆಂದು ಗ್ರಾಮ ಪಂಚಾಯತಿಗಳ ಮೂಲಕ ಹೊರಟವು. ಒಳ್ಳೆಯ ಕೆಲಸ, ಹೆಸರೂ ನಮ್ಮ ಬಾಯಿಗೆ ಒಗ್ಗಿದ ಹೆಸರು. ಆದರೆ ಹಳ್ಳಿಯಲ್ಲಿ ಅಜ್ಜಿಯೋ ಅತ್ತಿಗೆಯೋ ಇದ್ದಾಳು. ಹಳ್ಳಿ ಬಿಟ್ಟು ಪಟ್ಟಣಕ್ಕೆ ಬಂದು ಒಂದೇ ಕೋಣೆಯ ಬಾಡಿಗೆ ಮನೆಯಲ್ಲಿ ಒಲೆ ಹೂಡಿದವಳಿಗೆ ಯಾರಿದ್ದಾರೆ?

ನಾವು ಈ ಲೇಖನದಲ್ಲಿ 'ಆರೈಕೆ' ಎಂಬ ಮಾತನ್ನು ವಿಶಾಲವಾದ ಅರ್ಥದಲ್ಲಿ ಬಳಸುತ್ತೇವೆ. ಕೂಸನ್ನು ಎತ್ತಿ ಆಡಿಸುವುದು ಮಾತ್ರವಲ್ಲ. ಹಾಸಿಗೆ ಹಿಡಿದ ಮುದುಕರ ಮೈ ಒರೆಸುವುದು, ನಡೆಯಲಾರದವರನ್ನು ಆಸ್ಪತ್ರೆಗೆ ಕರೆದೊಯ್ಯುವುದು, ಅಡಿಗೆ, ಬಟ್ಟೆ, ಪಾತ್ರೆ, ನೀರು, ಒಟ್ಟಿನಲ್ಲಿ ಒಂದು ಜೀವವನ್ನು ಮರುದಿನಕ್ಕೆ ಮುಟ್ಟಿಸುವ ಕೆಲಸವೆಲ್ಲವೂ ಇದರಲ್ಲಿ ಸೇರಿತು. ಇದು ಕೆಲಸವೇ ಅಲ್ಲವೆಂದು ಹೇಳುವವರು ಈಗಲೂ ಇದ್ದಾರೆ. ಅವರಿಗೆ ಸರಕಾರದ ಲೆಕ್ಕವನ್ನೇ ತೋರಿಸೋಣ.

ಜನರು ದಿನದ ಇಪ್ಪತ್ತನಾಲ್ಕು ಗಂಟೆಗಳನ್ನು ಹೇಗೆ ಕಳೆಯುತ್ತಾರೆಂಬುದನ್ನು ಭಾರತ ಸರಕಾರವು ದೇಶಾದ್ಯಂತ ಎರಡು ಸಲ ಅಳೆಸಿದೆ: ೨೦೧೯ರಲ್ಲಿ ಒಮ್ಮೆ, ೨೦೨೪ರಲ್ಲಿ ಮತ್ತೊಮ್ಮೆ. ೨೦೨೪ರ ಲೆಕ್ಕದಂತೆ, ಸಂಬಳವಿಲ್ಲದ ಗೃಹಕೃತ್ಯದಲ್ಲಿ ತೊಡಗಿದ ಸ್ತ್ರೀಯರು ಅದಕ್ಕಾಗಿ ದಿನಕ್ಕೆ ಸರಾಸರಿ ೨೮೯ ನಿಮಿಷಗಳನ್ನು ವ್ಯಯಮಾಡುತ್ತಾರೆ; ಪುರುಷರು ೮೮ ನಿಮಿಷ. ಮಕ್ಕಳ, ಮುದುಕರ, ರೋಗಿಗಳ ಶುಶ್ರೂಷೆಯಲ್ಲಿ ತೊಡಗಿದವರ ಪೈಕಿ ಸ್ತ್ರೀಯರದು ೧೩೭ ನಿಮಿಷ, ಪುರುಷರದು ೭೫. ಐದು ವರ್ಷಗಳ ಹಿಂದೆ ಗೃಹಕೃತ್ಯದ ಅಂಕಿ ೨೯೯ ಆಗಿತ್ತು. ಅಡಿಗೆಯ ಅನಿಲ ಬಂದಿತು, ನಲ್ಲಿ ಬಂದಿತು, ರುಬ್ಬುವ ಯಂತ್ರ ಬಂದಿತು; ಐದು ವರ್ಷಗಳಲ್ಲಿ ಇಳಿದದ್ದು ಹತ್ತು ನಿಮಿಷ. ಇದೇ ನಡಿಗೆಯಲ್ಲಿ ಹೋದರೆ ಹೆಂಗಸಿನ ಹೊರೆ ಗಂಡಸಿನ ಹೊರೆಯ ಸಮಕ್ಕೆ ಬರಲು ನೂರು ವರ್ಷ ಬೇಕೆಂದು ಗಣಿತ ಬಲ್ಲ ವಾಚಕರು ತಾವೇ ಕಂಡುಕೊಳ್ಳಬಹುದು.

ಇಷ್ಟಾದರೂ, ಇದು ಮನೆಯೊಳಗಿನ ಸಂಗತಿ, ಮುನಿಸಿಪಾಲಿಟಿಗೆ ಇದರಲ್ಲಿ ಏನು ಕೆಲಸ ಎಂದು ಕೇಳುವವರುಂಟು. ಚರಂಡಿಯ ವಿಷಯದಲ್ಲಿಯೂ ನಮ್ಮ ಹಿರಿಯರು ಹೀಗೆಯೇ ಕೇಳುತ್ತಿದ್ದರು. ತನ್ನ ಹಿತ್ತಿಲ ಕೊಳೆ ತನ್ನದು, ಊರಿಗೆ ಅದರ ಗೊಡವೆ ಏಕೆ ಎಂಬುದು ಆಗಿನ ವಾದ. ೧೮೯೮ರಲ್ಲಿ ಪ್ಲೇಗು ಬೆಂಗಳೂರನ್ನು ಹೊಕ್ಕು ಕೇರಿಕೇರಿಗಳನ್ನು ಬರಿದುಮಾಡಿದಾಗ ಆ ವಾದವೂ ಹೆಣಗಳೊಡನೆಯೇ ಹೋಯಿತು. ಗಾಳಿ ಬೆಳಕುಗಳಿಗೆ ಎಡೆಗೊಟ್ಟು, ಸಾಲಾಗಿ ಬೀದಿಗಳನ್ನು ಬಿಟ್ಟು ಮಲ್ಲೇಶ್ವರ ಬಸವನಗುಡಿಗಳನ್ನು ಬೆಳಸಿದ್ದು ಆ ಪಾಠದ ಫಲ. ಆರೈಕೆಯ ಕೊರತೆಗೆ ಪ್ಲೇಗಿನ ಗದ್ದಲವಿಲ್ಲ. ಅದು ಮೆಲ್ಲಗೆ ಕೊಲ್ಲುತ್ತದೆ. ತಮ್ಮನನ್ನು ನೋಡಿಕೊಳ್ಳಲು ಶಾಲೆ ಬಿಟ್ಟ ಹತ್ತು ವರ್ಷದ ಹುಡುಗಿ, ಹೆರಿಗೆಯ ಅನಂತರ ಕೆಲಸಕ್ಕೆ ಹಿಂದಿರುಗದ ಪದವೀಧರೆ, ಮಗ ಸೊಸೆ ಬರುವವರೆಗೆ ನೀರು ಕುಡಿಯಲೂ ಏಳಲಾರದೆ ಬಿದ್ದಿರುವ ಮುದುಕ, ಇವರು ಯಾರ ದಫ್ತರದಲ್ಲಿಯೂ ದಾಖಲಾಗುವುದಿಲ್ಲ.

ಹಾಗಾದರೆ ಒಂದು ನಗರಸಭೆ ಈ ವಿಷಯದಲ್ಲಿ ಮಾಡಬಹುದಾದದ್ದೇನು? ದಕ್ಷಿಣ ಅಮೇರಿಕ ಖಂಡದ ಕೊಲಂಬಿಯಾ ದೇಶದ ರಾಜಧಾನಿ ಬೊಗೊಟಾ ನಗರವು ಇದಕ್ಕೆ ಕೊಟ್ಟ ಉತ್ತರವು ನಮ್ಮವರು ವಿಚಾರಿಸಿ ನೋಡತಕ್ಕದ್ದಾಗಿದೆ. ಅದೇನೂ ಸಿರಿವಂತರ ನಗರವಲ್ಲ. ಸಮುದ್ರಮಟ್ಟದಿಂದ ಸುಮಾರು ೨,೬೦೦ ಮೀಟರು ಎತ್ತರದಲ್ಲಿ, ಬೆಟ್ಟಗಳ ಮಗ್ಗುಲಿನಲ್ಲಿರುವ ಆ ಊರಿನ ಜನಸಂಖ್ಯೆ ಹೆಚ್ಚು ಕಡಮೆ ೮೦ ಲಕ್ಷ. ದಶಕಗಳ ಒಳಜಗಳದಿಂದ ಹಳ್ಳಿಗಳನ್ನು ಬಿಟ್ಟು ಓಡಿಬಂದ ಬಡಜನರು ದಕ್ಷಿಣದ ಗುಡ್ಡಗಳ ಮೇಲೆ ಗುಡಿಸಲು ಕಟ್ಟಿ ನೆಲಸಿದರು. ಸಿಯುದಾದ್ ಬೊಲಿವಾರ್ ಎಂಬುದು ಅಂಥ ಭಾಗ. ಅಲ್ಲಿಂದ ಕೆಳಗಿನ ಊರಿಗೆ ಇಳಿದು ಹತ್ತುವುದೇ ಒಂದು ದಿನದ ಕೆಲಸವಾಗಿತ್ತು. ೨೦೧೮ರ ಕೊನೆಯಲ್ಲಿ ತಂತಿಯ ಮೇಲೆ ಸಾಗುವ ತೊಟ್ಟಿಲು ಗಾಡಿಗಳನ್ನು ಹಾಕಿದ ಮೇಲೆ ದಾರಿ ಸುಲಭವಾಯಿತು.

ಅಲ್ಲಿಯವರು ಮಾಡಿದ ಮೊದಲ ಕೆಲಸ ಲೆಕ್ಕ ಹಾಕಿದ್ದು. ಸಂಬಳವಿಲ್ಲದ ಮನೆಗೆಲಸವನ್ನು ಅಳೆದು ದೇಶದ ಆದಾಯದ ಲೆಕ್ಕದ ಪಕ್ಕದಲ್ಲಿ ಇಡಬೇಕೆಂದು ಕೊಲಂಬಿಯಾ ದೇಶವು ೨೦೧೦ರಲ್ಲಿಯೇ ೧೪೧೩ನೆಯ ಕಾಯಿದೆಯನ್ನು ಮಾಡಿತು. ಆ ಅಳತೆಯಿಂದ ನಗರಾಡಳಿತಕ್ಕೆ ತಿಳಿದುಬಂದದ್ದೇನೆಂದರೆ, ಬೊಗೊಟಾದಲ್ಲಿ ಸುಮಾರು ೧೨ ಲಕ್ಷ ಸ್ತ್ರೀಯರು ದಿನಕ್ಕೆ ಹತ್ತು ಗಂಟೆಯಷ್ಟು ಹೊತ್ತು ಬರಿಯ ಆರೈಕೆಯಲ್ಲಿಯೇ ಸವೆಯುತ್ತಿದ್ದಾರೆ, ಅವರಲ್ಲಿ ಬಹುಪಾಲು ಬಡವರು, ಹೆಚ್ಚಿನವರ ಓದು ಪ್ರೌಢಶಾಲೆಯನ್ನು ದಾಟಿಲ್ಲ. ಅಂದರೆ ಊರಿನ ಹೆಂಗಸರಲ್ಲಿ ಮೂರರಲ್ಲೊಂದು ಪಾಲಿಗೆ ಸ್ವಲ್ಪ ಕಡಮೆ! ಇಂಥ ಜನಸ್ತೋಮವೊಂದು ಕಣ್ಣೆದುರಿಗೆ ಇದ್ದೂ ಯಾವ ಇಲಾಖೆಯ ಪಾಲಿಗೂ ಸೇರಿರಲಿಲ್ಲ. ಶಿಕ್ಷಣ ಇಲಾಖೆಗೆ ಮಗು ಬೇಕು, ಆರೋಗ್ಯ ಇಲಾಖೆಗೆ ರೋಗಿ ಬೇಕು. ಇಬ್ಬರನ್ನೂ ಕೈಹಿಡಿದು ಕರೆತಂದವಳು ಬಾಗಿಲ ಹೊರಗೆ ನಿಲ್ಲತಕ್ಕವಳು.

೨೦೧೯ರ ಚುನಾವಣೆಯಲ್ಲಿ ಗೆದ್ದು, ಆ ನಗರಕ್ಕೆ ಚುನಾಯಿತಳಾದ ಮೊದಲ ಮಹಿಳಾ ಮೇಯರೆನಿಸಿದ ಕ್ಲೌಡಿಯಾ ಲೋಪೆಸ್ ೨೦೨೦ರ ಆರಂಭದಲ್ಲಿ ಅಧಿಕಾರ ವಹಿಸಿಕೊಂಡರು. ಅವರ ಸ್ತ್ರೀಯರ ಇಲಾಖೆಯ ಕಾರ್ಯದರ್ಶಿ ಡಯಾನಾ ರೊಡ್ರಿಗೆಸ್ ಫ್ರಾಂಕೊ. ಇವರಿಬ್ಬರ ಕಾಲದಲ್ಲಿ, ಮಹಾಮಾರಿಯ ವರ್ಷವಾದ ೨೦೨೦ರ ಅಕ್ಟೋಬರಿನಲ್ಲಿ, ಸಿಯುದಾದ್ ಬೊಲಿವಾರಿನ ಮನಿತಾಸ್ ಎಂಬಲ್ಲಿ, ಆ ತಂತಿಗಾಡಿಯ ನಿಲ್ದಾಣದ ಬಳಿ, ಮೊದಲನೆಯ 'ಮನ್ಸಾನಾ ದೆಲ್ ಕುಯ್ದಾದೊ' ತೆರೆಯಿತು. ಮನ್ಸಾನಾ ಎಂದರೆ ಅವರ ಭಾಷೆಯಲ್ಲಿ ಸೇಬಿನ ಹಣ್ಣೆಂದೂ, ನಾಲ್ಕು ಬೀದಿಗಳ ನಡುವಣ ಮನೆಗಳ ಚೌಕವೆಂದೂ ಎರಡರ್ಥ. ನಾವು ಅದನ್ನು 'ಆರೈಕೆಯ ಕೇರಿ' ಎಂದು ಕರೆಯೋಣ.

ಈ ಕೇರಿಯ ಏರ್ಪಾಡು ಬಹಳ ಸರಳವಾದದ್ದು. ಸರಳವಾದದ್ದರಿಂದಲೇ ನಮ್ಮ ಗಮನಕ್ಕೆ ಅರ್ಹವಾದದ್ದು. ತಾಯಿ ಮಗುವನ್ನು, ಅಥವಾ ಮಗಳು ಮುದಿ ತಂದೆಯನ್ನು ಕರೆದುಕೊಂಡು ಬರುತ್ತಾಳೆ. ಮಗುವನ್ನು ತರಬೇತಿ ಪಡೆದವರು ನೋಡಿಕೊಳ್ಳುತ್ತಾರೆ. ಮುದುಕನಿಗೆ ತಕ್ಕ ಚಟುವಟಿಕೆಯೂ ಶುಶ್ರೂಷೆಯೂ ಬೇರೆಯಿದೆ. ಆ ಹೊತ್ತಿನಲ್ಲಿ ಅವಳು ಅದೇ ಕಟ್ಟಡದಲ್ಲಿ ಅಥವಾ ಪಕ್ಕದಲ್ಲಿ, ನಿಂತುಹೋಗಿದ್ದ ಶಾಲೆಯ ಓದನ್ನು ಮುಂದುವರಿಸಬಹುದು, ಕಸಬು ಕಲಿಯಬಹುದು, ವಕೀಲರ ಸಲಹೆ ಕೇಳಬಹುದು, ಮನಸ್ಸಿನ ಬೇನೆಗೆ ವೈದ್ಯರನ್ನು ಕಾಣಬಹುದು, ಬೈಸಿಕಲ್ ಹತ್ತುವುದನ್ನು ಕಲಿಯಬಹುದು, ಇಲ್ಲವೇ ಸುಮ್ಮನೆ ಕುಳಿತು ದಣಿವಾರಿಸಿಕೊಳ್ಳಬಹುದು. ಗಂಟುಕಟ್ಟಿ ತಂದ ಬಟ್ಟೆಯನ್ನು ಯಂತ್ರಕ್ಕೆ ಹಾಕಿ ಒಗೆದು ಒಣಗಿಸಿ ಕೊಡುವ ಸಾರ್ವಜನಿಕ ಮಡಿಕಟ್ಟೆಯೂ ಉಂಟು. ಎಲ್ಲವೂ ಉಚಿತ, ಎಲ್ಲವೂ ಮನೆಯಿಂದ ಹದಿನೈದು ಇಪ್ಪತ್ತು ನಿಮಿಷಗಳ ಕಾಲುನಡಿಗೆಯೊಳಗೆ.

ಇದರ ರಹಸ್ಯವೆಲ್ಲಿದೆಯೆಂದರೆ, ಮಗು ಒಂದು ದಿಕ್ಕಿಗೆ, ತಾಯಿ ಇನ್ನೊಂದು ದಿಕ್ಕಿಗೆ ಹೋಗಬೇಕಾಗಿಲ್ಲವೆಂಬುದರಲ್ಲಿ. ನಾವು ಸ್ತ್ರೀಯರಿಗೆಂದು ಹೊಲಿಗೆ ತರಗತಿ ತೆರೆದು, ಹಾಜರಿ ಬೀಳುವುದಿಲ್ಲವೆಂದು ಗೊಣಗುತ್ತೇವೆ. ತೊಡೆಯ ಮೇಲಿನ ಕೂಸನ್ನು ಏನು ಮಾಡಬೇಕೆಂದು ಮಾತ್ರ ಯಾರೂ ಹೇಳುವುದಿಲ್ಲ. ಬೊಗೊಟಾದವರು ಆ ಕೂಸಿನಿಂದಲೇ ಯೋಜನೆಯನ್ನು ಆರಂಭಿಸಿದರು.

ಎರಡನೆಯ ವಿಶೇಷವು ನಮ್ಮ ಅಧಿಕಾರಿಗಳಿಗೆ ಹೆಚ್ಚು ರುಚಿಸಬೇಕು. ಈ ಕೇರಿಗಳಿಗಾಗಿ ಅವರು ಊರತುಂಬ ಹೊಸ ಕಟ್ಟಡಗಳನ್ನು ಎಬ್ಬಿಸಲಿಲ್ಲ. ಇದ್ದ ಶಾಲೆ, ಇದ್ದ ಚಿಕಿತ್ಸಾಲಯ, ಇದ್ದ ಉದ್ಯಾನ, ಇದ್ದ ಸಮುದಾಯ ಮಂದಿರ, ಇವುಗಳಲ್ಲಿ ಒಂದನ್ನು ನೆಲೆಗಂಬವಾಗಿ ಹಿಡಿದು ಉಳಿದವನ್ನು ಅದರ ಸುತ್ತ ಕಟ್ಟಿದರು. ಹತ್ತಕ್ಕೂ ಹೆಚ್ಚು ಇಲಾಖೆಗಳನ್ನು ಒಂದು ಮೇಜಿನ ಸುತ್ತ ಕುಳ್ಳಿರಿಸಿ, ಒಬ್ಬರ ಕೈಯಲ್ಲಿ ಸೂತ್ರವನ್ನಿಟ್ಟರು. ಒಂದರ ಬಾಗಿಲು ತೆರೆಯುವ ಹೊತ್ತಿಗೆ ಇನ್ನೊಂದರ ಬಾಗಿಲು ಮುಚ್ಚದಂತೆ ವೇಳೆಯನ್ನು ಹೊಂದಿಸಿದರು. ಹಣಕ್ಕಿಂತ ಹಟ ಬೇಕಾದ ಕೆಲಸವಿದು. ಇಲಾಖೆಗಳನ್ನು ಕೂಡಿಸುವುದು ಕಪ್ಪೆಗಳನ್ನು ತಕ್ಕಡಿಗೆ ಹಾಕಿದಂತೆಯೇ ಸರಿ ಎಂಬುದು ಕಚೇರಿಯ ಅನುಭವವುಳ್ಳ ಎಲ್ಲರಿಗೂ ಗೊತ್ತು. ಎಲ್ಲಿ ಆರೈಕೆ ಮಾಡುವವರು ಹೆಚ್ಚು, ಎಲ್ಲಿ ಮಕ್ಕಳೂ ಮುದುಕರೂ ಹೆಚ್ಚು, ಎಲ್ಲಿ ಬಡತನ ಹೆಚ್ಚು ಎಂಬುದನ್ನು ನೋಡಿ, ಆಯಾ ಭಾಗದ ನಿವಾಸಿಗಳು ಆಯವ್ಯಯದ ಚರ್ಚೆಯಲ್ಲಿ ಕೇಳಿದ್ದನ್ನೂ ಲಕ್ಷ್ಯಕ್ಕೆ ತಂದುಕೊಂಡು, ಸ್ಥಳಗಳನ್ನು ಆರಿಸಿದರು. ನಡೆದು ಬರಲಾರದ ದೂರದವರಿಗಾಗಿ ಬಸ್ಸುಗಳನ್ನೇ ಸಜ್ಜುಗೊಳಿಸಿ ಕಳುಹಿದರು. ೨೦೨೩ರ ಕೊನೆಯ ಹೊತ್ತಿಗೆ ಇಂಥ ಕೇರಿಗಳು ಸುಮಾರು ಇಪ್ಪತ್ತಾದವು.

ಮೇಲಿನವರ ಮೆದುಳಿನಿಂದ ಇದೆಲ್ಲ ಉದಿಸಿತೆಂದು ತಿಳಿದರೆ ಅದು ಅನ್ಯಾಯ. ೧೯೮೬ರಿಂದಲೂ ಆ ದೇಶದ ಬಡ ಕೇರಿಗಳಲ್ಲಿ 'ಸಮುದಾಯದ ತಾಯಂದಿರು' ಎಂಬುವರು ನೆರೆಹೊರೆಯ ಮಕ್ಕಳನ್ನು ತಮ್ಮ ಸ್ವಂತ ಮನೆಯಲ್ಲಿ ಕೂಡಿಸಿಕೊಂಡು ನೋಡಿಕೊಳ್ಳುತ್ತ ಬಂದಿದ್ದರು. ಸರಕಾರವು ಅವರಿಗೆ ಕೊಡುತ್ತಿದ್ದದ್ದು ಅಲ್ಪವಾದ ಗೌರವಧನ. ಅವರು ಹೋರಾಡಿದರು, ನ್ಯಾಯಾಲಯಗಳ ಮೆಟ್ಟಿಲು ಹತ್ತಿದರು, ೨೦೧೪ರಲ್ಲಿ ಅವರನ್ನು ಕೆಲಸಗಾರರೆಂದು ಕರಾರಿನ ಮೂಲಕ ಒಪ್ಪಿಕೊಳ್ಳಲಾಯಿತು. ಸ್ತ್ರೀಸಂಘಗಳು ವರ್ಷಗಟ್ಟಲೆ ವಾದಿಸಿ ನೆಲವನ್ನು ಹದಮಾಡಿದ್ದವು. ಹದವಾದ ನೆಲದಲ್ಲಿ ನಗರಸಭೆ ಬಿತ್ತಿತು.

ಬಿತ್ತಿದ್ದನ್ನು ಉಳಿಸಿಕೊಂಡ ರೀತಿಯೂ ತಿಳಿಯತಕ್ಕದ್ದು. ೨೦೨೧ರಲ್ಲಿ ಹೊರಟ ನಗರದ ಭೂವಿನಿಯೋಗದ ಯೋಜನೆಯಲ್ಲಿಯೇ ಆರೈಕೆಗೆ ಸ್ಥಳ ಕೊಟ್ಟರು. ರಸ್ತೆಯ ಅಗಲದಂತೆ ಅದೂ ನಕ್ಷೆಯ ಮೇಲಿನ ವಿಷಯವಾಯಿತು. ೨೦೨೩ರಲ್ಲಿ ನಗರಸಭೆಯು ೮೯೩ನೆಯ ಒಪ್ಪಂದ-ನಿಯಮದಿಂದ ಈ ಏರ್ಪಾಡನ್ನು ಶಾಶ್ವತಗೊಳಿಸಿತು. ೨೦೨೪ರ ಜನವರಿಯಲ್ಲಿ ಮೇಯರು ಬದಲಾದರು. ಹೊಸಬರಾದ ಕಾರ್ಲೋಸ್ ಫೆರ್ನಾಂಡೊ ಗಲಾನ್ ಅವರು ೨೦೧೯ರ ಚುನಾವಣೆಯಲ್ಲಿ ಲೋಪೆಸರ ಎದುರಾಳಿಯಾಗಿ ಸೋತಿದ್ದವರು. ಎದುರಾಳಿ ನೆಟ್ಟ ಗಿಡವನ್ನು ಕಿತ್ತೆಸೆಯುವುದು ನಮ್ಮಲ್ಲಿ ರಾಜಕಾರಣದ ಮೊದಲ ಪಾಠವಾಗಿದೆ. ಆದರೆ ಅಲ್ಲಿ ಕೇರಿಗಳು ಮುಚ್ಚಲಿಲ್ಲ. ನಿಯಮವಾಗಿ ಬರೆದಿಟ್ಟದ್ದನ್ನೂ, ಜನರ ರೂಢಿಗೆ ಬಂದದ್ದನ್ನೂ ಅಳಿಸುವುದು ಅಷ್ಟು ಸುಲಭವಲ್ಲ.

ಹಾಗೆಂದು ಆ ಪ್ರಯೋಗವನ್ನು ಹೊಗಳಿ ಹೊನ್ನಶೂಲಕ್ಕೆ ಏರಿಸುವುದು ನಮ್ಮ ಉದ್ದೇಶವಲ್ಲ. ಹನ್ನೆರಡು ಲಕ್ಷ ಮಂದಿಗೆ ಇಪ್ಪತ್ತು ಕೇರಿಗಳೆಂದರೆ ಕೆರೆಯ ದಾಹಕ್ಕೆ ಕೊಡದ ನೀರು. ಅದಕ್ಕಿಂತ ಆಳವಾದ ಶಂಕೆ ಇನ್ನೊಂದಿದೆ. ಮನೆಯ ಹೆಂಗಸಿನ ಹೆಗಲಿನಿಂದ ಇಳಿದ ಹೊರೆ ಕಡಮೆ ಸಂಬಳದ ಇನ್ನೊಬ್ಬ ಹೆಂಗಸಿನ ಹೆಗಲಿಗೆ ಏರಿದರೆ ಸಾಧಿಸಿದ್ದೇನು? ಬೊಗೊಟಾದವರಿಗೆ ಇದರ ಅರಿವಿತ್ತು; ಆದಕಾರಣವೇ ಗಂಡಸರಿಗೆ ಕೂಸಿನ ಬಟ್ಟೆ ಬದಲಿಸುವುದನ್ನೂ ಅಡಿಗೆಯನ್ನೂ ಕಲಿಸುವ ಶಾಲೆಯೊಂದನ್ನು ಜೊತೆಯಲ್ಲಿಯೇ ತೆರೆದರು. ಕೇಳಿ ನಗುವವರು ನಗಲಿ. ಮದುವೆಮನೆಗಳಲ್ಲಿ ಸಾವಿರ ಎಲೆಗೆ ಅಡಿಗೆ ಮಾಡುವವರು ನಮ್ಮಲ್ಲಿ ಗಂಡಸರೇ. ಸಂಬಳ ಸಂಭಾವನೆ ಬಂದರೆ ಸೌಟು ಗಂಡಸಿನ ಕೈಗೆ ಚೆನ್ನಾಗಿಯೇ ಒಪ್ಪುತ್ತದೆ.

ಈ ಶಂಕೆ ನಮ್ಮ ದೇಶಕ್ಕೆ ನೇರವಾಗಿ ತಾಗತಕ್ಕದ್ದು. ೧೯೭೫ನೆಯ ಇಸವಿ ಅಕ್ಟೋಬರ್ ೨ರಂದು, ಗಾಂಧೀ ಜಯಂತಿಯ ದಿನ, ಸಮಗ್ರ ಶಿಶು ಅಭಿವೃದ್ಧಿಯ ಯೋಜನೆ ೩೩ ಕಡೆಗಳಲ್ಲಿ ಆರಂಭವಾಯಿತು; ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರವೂ ಅವುಗಳಲ್ಲಿ ಒಂದು. ಆ ೩೩ರಲ್ಲಿ ಪಟ್ಟಣಗಳ ಪಾಲು ನಾಲ್ಕೇ. ಅಂದಿನಿಂದ ಅಂಗನವಾಡಿಯು ಕೋಟ್ಯಂತರ ಮಕ್ಕಳ ಹೊಟ್ಟೆಯನ್ನೂ ಅಕ್ಷರವನ್ನೂ ನೋಡಿಕೊಂಡಿದೆ. ಆದರೆ ಅದನ್ನು ನಡೆಸುವವರು ಇಂದಿಗೂ 'ಗೌರವಧನ' ಪಡೆಯುವ ಕಾರ್ಯಕರ್ತೆಯರು, ಸಹಾಯಕಿಯರು. ಗೌರವ ಹೆಚ್ಚಾಗಿ ಧನ ಕಡಮೆಯಾದಾಗ ಈ ಪದ ಹುಟ್ಟುತ್ತದೆಂದು ಕಾಣುತ್ತದೆ! ಅವರಿಗೆ ನಿವೃತ್ತಿಯ ಉಪದಾನ ಸಲ್ಲತಕ್ಕದ್ದೆಂದು ಸರ್ವೋಚ್ಚ ನ್ಯಾಯಾಲಯವು ೨೦೨೨ರ ಏಪ್ರಿಲಿನಲ್ಲಿ ತೀರ್ಪು ಕೊಡಬೇಕಾಯಿತು. ಇನ್ನು ಪಟ್ಟಣದ ತಾಯಿಯ ದೃಷ್ಟಿಯಿಂದ ನೋಡಿದರೆ, ಅಂಗನವಾಡಿಯ ತರಗತಿ ಮೂರರಿಂದ ಆರು ವರ್ಷದವರಿಗೆ. ಮೂರು ತುಂಬದ ಕೂಸಿಗೆ ಮುಖ್ಯವಾಗಿ ಮನೆಗೆ ಒಯ್ಯುವ ಪಡಿ. ಸಿದ್ಧ ಉಡುಪಿನ ಕಾರ್ಖಾನೆ ಬಿಡುವ ಹೊತ್ತಿಗೆ ಅದರ ಬಾಗಿಲು ಮುಚ್ಚಿ ಬಹಳ ಹೊತ್ತಾಗಿರುತ್ತದೆ.

ಕಾಯಿದೆಗಳಿಗೆ ನಮ್ಮಲ್ಲಿ ಬರವಿಲ್ಲ. ೧೯೪೮ರ ಕಾರ್ಖಾನೆಗಳ ಕಾಯಿದೆಯೇ ಹೆಣ್ಣಾಳುಗಳ ಕೂಸುಗಳಿಗೆ ಕೋಣೆ ಇರಬೇಕೆಂದು ವಿಧಿಸಿತ್ತು. ೧೯೯೬ರಲ್ಲಿ ಕಟ್ಟಡದ ಕೆಲಸಗಾರರಿಗಾಗಿ, ೨೦೧೭ರಲ್ಲಿ ಐವತ್ತು ಅಥವಾ ಹೆಚ್ಚು ಮಂದಿ ದುಡಿಯುವ ಕಚೇರಿ ಅಂಗಡಿಗಳಿಗಾಗಿ ಇಂಥವೇ ವಿಧಿಗಳಾದವು. ಆದರೆ ಇವೆಲ್ಲವೂ ಯಜಮಾನನನ್ನು ಹಿಡಿದು ಹೊರಟ ಕಾಯಿದೆಗಳು. ಮನೆಗೆಲಸಕ್ಕೆ ನಾಲ್ಕು ಮನೆ ತಿರುಗುವವಳ ಯಜಮಾನ ಯಾರು? ಸೊಪ್ಪು ಮಾರುವವಳಿಗೆ ಯಾವ ಯಜಮಾನ? ಐವತ್ತು ಮಂದಿಯ ಗೆರೆಯ ಕೆಳಗೆ ದುಡಿಯುವವರೇ ನಮ್ಮ ಊರುಗಳಲ್ಲಿ ಅಗಣಿತರು. ಅವರೆಲ್ಲರಿಗೂ ಸಮಾನವಾದ ಒಡೆತನವೆಂದರೆ ಊರಿನದೊಂದೇ.

ನಮ್ಮವರು ಈ ದಾರಿಯಲ್ಲಿ ನಡೆದಿಲ್ಲವೆಂದಲ್ಲ. ೧೯೬೯ರಲ್ಲಿ ಗಾಂಧೀ ಶತಮಾನೋತ್ಸವಕ್ಕಾಗಿ ದಿಲ್ಲಿಯ ರಾಜಘಾಟದಲ್ಲಿ ಮಂಟಪ ಕಟ್ಟುತ್ತಿದ್ದಾಗ, ಕೂಲಿಯ ಹೆಂಗಸರ ಕೂಸುಗಳು ಅಲ್ಲಿಯೇ ಮಣ್ಣಿನಲ್ಲಿ ಬಿದ್ದಿದ್ದವು. ಅವುಗಳನ್ನು ಕಂಡು ಮೀರಾ ಮಹಾದೇವನ್ ಅವರು ಒಂದು ಡೇರೆ ಹಾಕಿಸಿದರು. ಮಹಾತ್ಮರ ಹೆಸರಿನ ಕಟ್ಟಡದ ಮಗ್ಗುಲಲ್ಲಿ ಎದ್ದ ಆ ಡೇರೆಯೇ 'ಮೊಬೈಲ್ ಕ್ರೆಷಸ್' ಎಂಬ ಸಂಸ್ಥೆಯಾಗಿ ಕಟ್ಟಡದ ಕೆಲಸ ನಡೆಯುವಲ್ಲೆಲ್ಲ ಮಕ್ಕಳ ಹಿಂದೆ ನಡೆಯಿತು. ಅಹಮದಾಬಾದಿನಲ್ಲಿ ಇಳಾ ಭಟ್ಟರು ೧೯೭೨ರಲ್ಲಿ ಸ್ಥಾಪಿಸಿದ 'ಸೇವಾ' ಸಂಘದ ಹೆಂಗಸರು, ಮಕ್ಕಳ ಪಾಲನೆಗೆಂದೇ ತಮ್ಮ ಸಹಕಾರ ಸಂಘ ಕಟ್ಟಿಕೊಂಡರು.

ರೋಗಿಗಳ ಆರೈಕೆಯಲ್ಲಿಯಾದರೋ ನೆರೆಯ ಮಲೆಯಾಳ ನಾಡೇ ನಮಗೆ ಮೇಲ್ಪಂಕ್ತಿ. ಕೋಳಿಕ್ಕೋಡಿನ ವೈದ್ಯಕೀಯ ಕಾಲೇಜಿನಲ್ಲಿ ೧೯೯೩ರಲ್ಲಿ ಡಾ. ಎಂ. ಆರ್. ರಾಜಗೋಪಾಲ್, ಡಾ. ಸುರೇಶ್ ಕುಮಾರ್ ಮೊದಲಾದವರು ವಾಸಿಯಾಗದ ಬೇನೆಯವರ ನೋವನ್ನು ಇಳಿಸಲು ಸಂಘವೊಂದನ್ನು ಕಟ್ಟಿದರು. ಆಸ್ಪತ್ರೆಗೆ ಬರಲಾರದೆ ಮನೆಯಲ್ಲಿಯೇ ನರಳುವವರು ಬಹುಮಂದಿ ಎಂಬುದನ್ನು ಕಂಡು, ಕೇರಿಗಳ ಸಾಮಾನ್ಯ ಜನರಿಗೆ, ಅಂಗಡಿಯವರು, ಗೃಹಿಣಿಯರು, ವಿದ್ಯಾರ್ಥಿಗಳಿಗೆ, ಕೆಲವು ಗಂಟೆಗಳ ತರಬೇತಿ ಕೊಟ್ಟು ನೆರೆಹೊರೆಯ ಬಳಗಗಳನ್ನು ಕಟ್ಟಿದರು. ಜನರು ಪುಡಿಗಾಸು ಕೂಡಿಸಿದರು. ದಾದಿಯರು ಮನೆಮನೆಗೆ ಹೋದರು. ೨೦೦೮ರಲ್ಲಿ ಕೇರಳ ಸರಕಾರವು ಇದನ್ನೇ ತನ್ನ ಧೋರಣೆಯನ್ನಾಗಿ ಮಾಡಿಕೊಂಡು ಪಂಚಾಯತಿ ನಗರಸಭೆಗಳ ಹೊಣೆಗೆ ಸೇರಿಸಿತು. ಜನರು ಮೊದಲು, ಸರಕಾರ ಅನಂತರ. ಆದರೆ ಸರಕಾರವು ಬಂದಿತು, ಹಣದೊಡನೆ ಬಂದಿತು. ಜನರ ಉತ್ಸಾಹವನ್ನು ಹೊಗಳಿ ಹಾರಹಾಕಿ, ಖರ್ಚನ್ನೂ ಅವರ ತಲೆಗೇ ಕಟ್ಟುವ ಚಮತ್ಕಾರವನ್ನು ಅದು ಮಾಡಲಿಲ್ಲ.

ಇಲ್ಲಿಗೆ ನಮ್ಮ ಊರುಗಳ ಮಾತು. ಬೆಂಗಳೂರು ೨೦೨೫ರಲ್ಲಿ ಐದು ನಗರಪಾಲಿಕೆಗಳಾಗಿ ಭಾಗವಾಯಿತು. ಗಡಿ ಎಲ್ಲಿ, ಆಸ್ತಿ ಯಾರಿಗೆ, ಸುರಂಗ ರಸ್ತೆ ಬೇಕೋ ಬೇಡವೋ ಎಂಬುದರ ಮೇಲೆ ಎಷ್ಟು ಮಸಿ ಹರಿಯಿತು! ಆರೈಕೆಯ ಮೇಲೆ ಒಂದು ತೊಟ್ಟು ಹರಿದದ್ದನ್ನು ನಾವು ಕಾಣಲಿಲ್ಲ. ಹುಬ್ಬಳ್ಳಿ ಧಾರವಾಡ, ಮೈಸೂರು, ಮಂಗಳೂರು, ಬಳ್ಳಾರಿ, ಕಲಬುರ್ಗಿಗಳ ಪಾಲಿಕೆಗಳಿಗೂ ಈ ಮಾತು ಸಲ್ಲುತ್ತದೆ. ಸಾಮಗ್ರಿಗೆ ಕೊರತೆಯಿಲ್ಲ. ಪಾಲಿಕೆಯ ಶಾಲೆ, ಹೆರಿಗೆ ಆಸ್ಪತ್ರೆ, ನಮ್ಮ ಕ್ಲಿನಿಕ್, ಗ್ರಂಥಾಲಯ, ಸಮುದಾಯ ಭವನ, ಉದ್ಯಾನ, ಅಂಗನವಾಡಿ, ಇಂದಿರಾ ಕ್ಯಾಂಟೀನು, ಇವು ಒಂದೇ ವಾರ್ಡಿನಲ್ಲಿ ಒಂದಕ್ಕೊಂದು ಬೆನ್ನು ತಿರುಗಿಸಿ ನಿಂತಿವೆ. ಮಧ್ಯಾಹ್ನದ ಮೇಲೆ ಬೀಗ ಬೀಳುವ ಶಾಲೆಯ ಕೋಣೆಗಳೆಷ್ಟು, ಮದುವೆಯಿಲ್ಲದ ತಿಂಗಳುಗಳಲ್ಲಿ ಇಲಿಗಳ ಪಾಲಾದ ಭವನಗಳೆಷ್ಟು ಎಂಬುದನ್ನು ಒಬ್ಬ ಗುಮಾಸ್ತ ಒಂದು ವಾರದಲ್ಲಿ ಪಟ್ಟಿಮಾಡಬಲ್ಲ. ೨೦೨೩ರ ಜೂನ್ ೧೧ರಿಂದ ಸ್ತ್ರೀಯರಿಗೆ ಸರಕಾರಿ ಸಾಮಾನ್ಯ ಬಸ್ಸುಗಳಲ್ಲಿ ಟಿಕೆಟಿನ ಹಣ ತಪ್ಪಿತು. ಹೊರಡುವ ದಾರಿ ತೆರೆಯಿತು. ಹೊರಡುವವಳ ಸೊಂಟದ ಕೂಸಿಗೆ ಇಳಿಯುವ ನಿಲ್ದಾಣ ಮಾತ್ರ ಇನ್ನೂ ಆಗಬೇಕಾಗಿದೆ.

ಹನ್ನೆರಡನೆಯ ಅನುಸೂಚಿಯಲ್ಲಿ ಅಂಕವಿಲ್ಲವೆಂಬುದು ಕೈಕಟ್ಟಿ ಕೂಡಲು ನೆಪವಾಗಲಾರದು. ಅದೇ ಪಟ್ಟಿಯಲ್ಲಿ ಆರ್ಥಿಕ ಸಾಮಾಜಿ‍ಕ ಅಭಿವೃದ್ಧಿಯ ಯೋಜನೆ ಎಂದಿದೆ, ದುರ್ಬಲರ ಹಿತರಕ್ಷಣೆ ಎಂದಿದೆ. ಮನಸ್ಸಿದ್ದರೆ ಕೂಸನ್ನೂ ಮುದುಕರನ್ನೂ ಅದರ ನೆರಳಿಗೆ ತರಬಹುದು. ರಾಜ್ಯದ ಶಾಸನಸಭೆಯು ತನ್ನ ಪೌರಾಡಳಿತದ ಕಾಯಿದೆಗಳಲ್ಲಿ ಅದನ್ನು ಬಿಚ್ಚಿ ಬರೆದರೆ ಇನ್ನೂ ಉತ್ತಮ.

ನಮ್ಮಲ್ಲಿ ಕುಟುಂಬಪದ್ಧತಿ ಇದೆ, ಇಂಥ ಪರದೇಶದ ಏರ್ಪಾಡುಗಳು ಬೇಡ ಎಂಬ ಆಕ್ಷೇಪಣೆಯನ್ನು ಹಿರಿಯರು ಎತ್ತಬಹುದು. ಅವಿಭಕ್ತ ಕುಟುಂಬದ ಬಗೆಗೆ ನಮಗೆ ಅನಾದರವಿಲ್ಲ. ಆದರೆ ಆ ತುಂಬಿದ ಮನೆಗಳಲ್ಲಿ ಈ ಕೆಲಸವನ್ನೆಲ್ಲ ಹೊತ್ತವರು ಯಾರೆಂದು ನೆನಪುಮಾಡಿಕೊಳ್ಳಲಿ. ಚಿಕ್ಕಂದಿನಲ್ಲಿಯೇ ಗಂಡನನ್ನು ಕಳೆದುಕೊಂಡು, ತಲೆ ಬೋಳಿಸಿಕೊಂಡು, ಒಪ್ಪೊತ್ತು ಉಂಡು, ಮೂರು ತಲೆಮಾರಿನ ಬಾಣಂತನ ಮಾಡಿದ ಸೋದರತ್ತೆಯರ ಬೆನ್ನಿನ ಮೇಲೆ ಆ ಪದ್ಧತಿ ನಿಂತಿತ್ತು. ಅಂಥ ಸೋದರತ್ತೆಯರು ಈಗ ಇಲ್ಲ, ಇರಕೂಡದು ಕೂಡ.

ಹಣದ ಮಾತನ್ನೂ ಆಡಿಬಿಡೋಣ. ಖರ್ಚಾಗುತ್ತದೆ, ಆಗುವುದಿಲ್ಲವೆನ್ನುವುದು ಸುಳ್ಳು. ಕೂಸುಗಳನ್ನು ನೋಡಿಕೊಳ್ಳುವವರಿಗೆ ಗೌರವಧನವಲ್ಲ, ಸಂಬಳವನ್ನೇ ಕೊಡಬೇಕಾಗುವುದರಿಂದ ಇನ್ನೂ ಹೆಚ್ಚು ಆಗುತ್ತದೆ. ಆದರೆ ಈಗಲೂ ಆ ಖರ್ಚು ನಡೆದೇ ಇದೆ, ದಿನಕ್ಕೆ ೨೮೯ ನಿಮಿಷದಂತೆ ನಡೆದಿದೆ. ಅದನ್ನು ತೆರುವವಳ ಹೆಸರು ಯಾವ ಆಯವ್ಯಯದಲ್ಲಿಯೂ ಇಲ್ಲವಷ್ಟೆ.

ಎಲ್ಲಿಂದ ಆರಂಭಿಸಬೇಕೆಂದು ಕೇಳುವ ಪಾಲಿಕೆಗಳಿಗೆ ಒಂದು ಸೂಚನೆ. ಬೆಂಗಳೂರಿನ ಬೀದಿಗಳನ್ನು ಗುಡಿಸುವ ಪೌರಕಾರ್ಮಿಕರಲ್ಲಿ ಬಹುಪಾಲು ಸ್ತ್ರೀಯರೇ. ಊರು ಏಳುವ ಮುನ್ನ, ಯಾವ ಅಂಗನವಾಡಿಯ ಬಾಗಿಲೂ ತೆರೆಯದ ಹೊತ್ತಿನಲ್ಲಿ, ಅವರು ಹಾಜರಿ ಹಾಕಬೇಕು. ಇವರು ಬೇರೆ ಯಾರ ಆಳುಗಳೂ ಅಲ್ಲ. ಊರಿನ ಸ್ವಂತ ಕೆಲಸಗಾರರು. ಅವರು ಹಾಜರಿ ಹಾಕುವ ಪ್ರತಿಯೊಂದು ಸ್ಥಳದಿಂದ ಹತ್ತು ನಿಮಿಷದ ನಡಿಗೆಯೊಳಗೆ, ಬೆಳಗಿನ ಆರು ಗಂಟೆಗೆ ಬಾಗಿಲು ತೆರೆಯುವ, ಹಾಲು ಕಾಯಿಸುವ ಒಲೆಯೂ ತೊಟ್ಟಿಲೂ ಇರುವ ಒಂದು ಕೂಸಿನ ಮನೆ ಎಲ್ಲೆಲ್ಲಿ ಇದೆ, ಎಲ್ಲೆಲ್ಲಿ ಇಲ್ಲವೆಂಬ ಪಟ್ಟಿಯನ್ನು ಐದೂ ಪಾಲಿಕೆಗಳ ಆಯುಕ್ತರು ಮುಂದಿನ ಆಯವ್ಯಯದೊಡನೆ ಪ್ರಕಟಿಸಲಿ.